ಒಂಬತ್ತನೆಯ ಸಿಂಫನಿ ಮತ್ತು ನನ್ನ ಎರಡು ಕಿವಿಗಳು

ತೆಕ್ಕಟ್ಟೆಯ ಪೇಟೆಯಿಂದ ಸ್ವಲ್ಪ ಮುಂದೆ, ಹೆದ್ದಾರಿಯ ಬದಿಯಲ್ಲಿ, ನನ್ನದೊಂದು ಮೈಕ್ ಸೆಟ್ಟಿನ ಅಂಗಡಿ ಇತ್ತು. ಅಂಗಡಿಯ ಹಿಂದೆ ಶೆಡ್ಡು, ಶೆಡ್ಡಿಗೆ ತಾಗಿಕೊಂಡೇ ಮನೆ. ಮದುವೆ, ಗೃಹಪ್ರವೇಶ, ಶಾಲೆಯ ವಾರ್ಷಿಕೋತ್ಸವ, ಹರಕೆಯ ಯಕ್ಷಗಾನದ ಆಟ, ಚುನಾವಣೆಯ ಭಾಷಣ, ಏನಿದ್ದರೂ ಬ್ರಹ್ಮಾವರದಿಂದ ಬೈಂದೂರಿನವರೆಗೆ ನಮ್ಮ ಸ್ಪೀಕರ್ ಪೆಟ್ಟಿಗೆಗಳು ಹೋಗುತ್ತಿದ್ದವು. ಹೊಸ ಪೆಟ್ಟಿಗೆ ಬಂದ ದಿನ ಈ ಕಸುಬಿನ ಬೇರೆಯವರು ಸಿನಿಮಾ ಹಾಡು ಹಾಕಿ ನೋಡುತ್ತಾರೆ. ನಾನು ಹಾಕುತ್ತಿದ್ದುದು ಒಂದು ಸಿಂಫನಿಯನ್ನು.

ಅದು ನನಗೆ ಬಂದದ್ದು ನನ್ನ ಸೋದರಮಾವನಿಂದ. ಅವನು ಬೊಂಬಾಯಿಯಲ್ಲಿ ಒಬ್ಬ ಪಾರ್ಸಿ ಮುದುಕನ ಮನೆಯಲ್ಲಿ ಅಡುಗೆಗಿದ್ದ. ಮುದುಕ ತೀರಿಕೊಂಡ ಮೇಲೆ ಊರಿಗೆ ಮರಳುವಾಗ ಒಂದು ಟೇಪ್‌ರೆಕಾರ್ಡರನ್ನೂ ಕೆಲವು ಕ್ಯಾಸೆಟ್ಟುಗಳನ್ನೂ ತಂದಿದ್ದ. ಅದರಲ್ಲೊಂದು ಈ ಒಂಬತ್ತನೆಯ ಸಿಂಫನಿ. "ಇದ್ ಬರ್ದವ ಪೂರಾ ಕೆಪ್ಪ ಅಂಬ್ರ್ ಕಾಣ್," ಎಂದು ಮಾವ ಹೇಳಿದ್ದ. "ಒಂದ್ ಶಬ್ದ ಕೇಂತಿರ್ಲಿಲ್ಯಂಬ್ರ್." ಆ ಜರ್ಮನ್ ಸಂಗೀತಗಾರನ ಹೆಸರು ಓದುಗರಿಗೆ ಗೊತ್ತೇ ಇರುತ್ತದೆ. ನಮ್ಮ ಮನೆಯಲ್ಲಿ ಮಾತ್ರ ಆ ದಿನದಿಂದ ಅವನಿಗೆ ಇದ್ದದ್ದು ಒಂದೇ ಹೆಸರು, ಕೆಪ್ಪ. ನನ್ನ ತಾಯಿ, ನಾವು ಅಬ್ಬಿ ಎಂದು ಕರೆಯುತ್ತಿದ್ದವಳು, ಶೆಡ್ಡಿನಲ್ಲಿ ಸಿಂಫನಿ ಶುರುವಾದರೆ ಅಡುಗೆಮನೆಯಿಂದಲೇ ಕೂಗುತ್ತಿದ್ದಳು: "ಆ ಕೆಪ್ಪನ್ ಬಾಯ್ ಒಂಚೂರ್ ಮುಚ್ಸ್ ಮಗಾ, ತಲಿ ಒಡಿತ್ತ್!"

ಮೊದಮೊದಲು ಅದನ್ನು ಹಾಕುತ್ತಿದ್ದುದು ಕಸುಬಿನ ಲೆಕ್ಕದಲ್ಲೇ. ಅದರ ಆರಂಭ ಎಷ್ಟು ಮೆಲ್ಲಗೆ ಇದೆಯೆಂದರೆ ಕೆಟ್ಟ ಸ್ಪೀಕರಿನಲ್ಲಿ ಅದು ಇದೆಯೆಂದೇ ಗೊತ್ತಾಗುವುದಿಲ್ಲ. ಪಿಟೀಲುಗಳು ನಡುಗುತ್ತಿರುತ್ತವೆ, ಯಾವ ಶ್ರುತಿಗೆ ಹೋಗಬೇಕೆಂದು ಇನ್ನೂ ನಿಶ್ಚಯವಾಗದವರ ಹಾಗೆ. ಆಮೇಲೆ ಒಮ್ಮೆಲೇ ಎಲ್ಲ ವಾದ್ಯಗಳೂ ಸೇರಿ ಬೀಳುತ್ತವೆ. ಮೆಲುದನಿಯೂ ಅಬ್ಬರವೂ ಎರಡೂ ಒಡೆಯದೆ ಬಂದರೆ ಆ ಪೆಟ್ಟಿಗೆ ಗಟ್ಟಿ. ಹೀಗೆ ಪರೀಕ್ಷೆಗೆಂದು ಹಾಕಿದ್ದು ವರ್ಷಗಳು ಕಳೆದಂತೆ ನನಗೆ ಬೇಕೇ ಬೇಕಾದದ್ದಾಯಿತು. ಎರಡನೆಯ ಭಾಗದಲ್ಲಿ ಡೋಲು ಬಂದು ನಡುವೆ ಬಾಯಿ ಹಾಕುವುದು ನಮ್ಮ ಚೆಂಡೆಯವರ ಗತ್ತಿನಂತೆಯೇ ಇದೆ. ಮೂರನೆಯದು ನಿಧಾನ. ಇಳಿತದ ಹೊತ್ತಿನ ಹೊಳೆ ಕಡಲು ಸೇರುವ ಅಳಿವೆಯ ಕಡೆಗೆ ಸರಿಯುವಂತೆ, ಹೋಗುತ್ತಿದೆಯೋ ನಿಂತಿದೆಯೋ ತಿಳಿಯದಷ್ಟು ನಿಧಾನ. ಕೊನೆಯದರಲ್ಲಿ ಮನುಷ್ಯರು ಹಾಡುತ್ತಾರೆ. ಆದರೆ ಹಾಡುವುದಕ್ಕೆ ಮೊದಲು ದಪ್ಪ ದನಿಯ ತಂತಿವಾದ್ಯಗಳು ಮಾತಾಡಲು ನೋಡುತ್ತವೆ. ಪದಗಳೇ ಇಲ್ಲದ ಮಾತು. ನನಗೆ ಎಲ್ಲಕ್ಕಿಂತ ಇಷ್ಟವಾಗಿದ್ದದ್ದು ಆ ಜಾಗ.

ಕೊರೋನಾ ಕಳೆದು ಮದುವೆ, ಆಟಗಳೆಲ್ಲ ಮತ್ತೆ ಜೋರಾಗಿದ್ದ ವರ್ಷ. ಹೊಸ ಪೆಟ್ಟಿಗೆಗಳು ಬಂದಿದ್ದವು. ನನ್ನ ಜತೆಗಾರ ಶೀನ, ಶಾಲೆಯಿಂದಲೇ ಒಟ್ಟಿಗಿದ್ದವನು, ವಯರು ಜೋಡಿಸಿದ. ನಾನು ಸಿಂಫನಿ ಹಾಕಿದೆ. ಏನೂ ಬರಲಿಲ್ಲ. ಇದ್ದಕ್ಕಿದ್ದಂತೆ ಅಬ್ಬರ ಮಾತ್ರ ಬಂತು, ಅದೂ ಬಲಗಡೆಯಿಂದ.

"ವಯರ್ ಲೂಸ್ ಇತ್ತ್ ಕಾಣ್ ಶೀನ, ಶುರುವಿನದ್ ಬಂದೇ ಇಲ್ಲೆ," ಎಂದೆ.

ಅವನು ವಯರು ನೋಡಿದ, ಸ್ವಿಚ್ಚು ನೋಡಿದ, ಮತ್ತೆ ಮೊದಲಿನಿಂದ ಹಾಕಿದ. ನಾನು ಕಾಯುತ್ತ ನಿಂತೆ. ಅವನು ಪೆಟ್ಟಿಗೆಯನ್ನು ಬಿಟ್ಟು ನನ್ನ ಮುಖವನ್ನೇ ನೋಡುತ್ತಿದ್ದ.

"ಸಮಾ ಬತ್ತಾ ಇತ್ತಲಾ ಸದು," ಎಂದ ಮೆಲ್ಲಗೆ. "ನಿಂಗ್ ಕೇಂತಿಲ್ಯಾ?"

ಸದಾಶಿವ ಎನ್ನುವ ನನ್ನನ್ನು ಎಲ್ಲರೂ ಸದು ಎಂದೇ ಕರೆಯುವುದು. ನಾನು ಬಲಗಿವಿ ಮುಚ್ಚಿ, ಎಡಗಿವಿಯ ಹತ್ತಿರ ಬೆರಳು ಚಿಟಿಕೆ ಹೊಡೆದು ನೋಡಿದೆ. ಬೆರಳಿಗೆ ಬೆರಳು ತಾಗಿದ್ದಷ್ಟೇ ಗೊತ್ತಾಯಿತು.

ಕಿವಿಯಲ್ಲಿ ಗುಗ್ಗೆ ಕಟ್ಟಿರಬೇಕು ಎಂದುಕೊಂಡೆ. ಅಬ್ಬಿ ಬೆಳ್ಳುಳ್ಳಿ ಹಾಕಿ ಕಾಯಿಸಿದ ತೆಂಗಿನೆಣ್ಣೆ ಬಿಟ್ಟಳು. ಹೆಂಡತಿ ಜಲಜ ಬಿಸಿನೀರಿನ ಹಬೆ ಹಿಡಿಸಿದಳು. ಅಮಾಸೆಬೈಲಿನ ಕಡೆ ಯಾರೋ ಎಲೆಯ ರಸ ಬಿಡುತ್ತಾರಂತೆ ಎಂದು ಶೀನ ಅಲ್ಲಿಗೂ ಕರೆದುಕೊಂಡು ಹೋದ. ಕುಂದಾಪುರದ ಕಿವಿ ಡಾಕ್ಟರು ದೀಪ ಹಿಡಿದು ಒಳಗೆ ನೋಡಿ, ಗುಗ್ಗೆ ಏನೂ ಇಲ್ಲ ಎಂದರು. ಇದ್ದಿದ್ದರೆ ಚೆನ್ನಾಗಿತ್ತು ಎನ್ನುವಂತಿತ್ತು ಅವರ ದನಿ. ಮಂಗಳೂರಿನ ದೊಡ್ಡ ಆಸ್ಪತ್ರೆಯೊಂದಕ್ಕೆ ಚೀಟಿ ಬರೆದುಕೊಟ್ಟರು.

ಆ ಆಸ್ಪತ್ರೆಯ ಕಿವಿ ವಿಭಾಗದ ಹೊರಗಿನ ಬೆಂಚುಗಳನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಅಲ್ಲಿ ಕೂತವರೆಲ್ಲ ಕಿವಿ ಕೇಳದವರು. ನರ್ಸು ಬಾಗಿಲಿಗೆ ಬಂದು ಹೆಸರು ಕೂಗುತ್ತಿದ್ದಳು. ಒಬ್ಬರೂ ಪೂರ್ತಿ ಏಳುತ್ತಿರಲಿಲ್ಲ. ಎಲ್ಲರೂ ಅವಳ ತುಟಿಯನ್ನೇ ನೋಡುತ್ತ, ಕರೆದದ್ದು ತನ್ನನ್ನೇ ಇರಬಹುದೆಂದು ಅರ್ಧ ಎದ್ದು ಮತ್ತೆ ಕೂರುತ್ತಿದ್ದರು. ಜಲಜ ಹಣ ಕಟ್ಟುವ ಸಾಲಿನಲ್ಲಿದ್ದಳು. ನನಗಿನ್ನೂ ಬಲಗಿವಿ ಇತ್ತು, ಆದರೆ ಆ ಗದ್ದಲದಲ್ಲಿ ಒಂದು ಕಿವಿ ಏನೇನೂ ಸಾಲದು.

ಪಕ್ಕದಲ್ಲಿ ಕೊಡೇರಿಯ ಕಡೆಯ ಹೆಂಗಸೊಬ್ಬಳು ಗಂಡನನ್ನು ಕರೆತಂದು ಕೂತಿದ್ದಳು. ಮೀನು ಮಾರುವವಳು. ಗಂಡ ಬೋಟಿನ ಎಂಜಿನ್ ಪಕ್ಕ ಕೆಲಸ ಮಾಡಿ ಮಾಡಿ ಕಿವಿ ಕಳೆದುಕೊಂಡಿದ್ದ. ಅವಳು ನನ್ನ ಮೊಣಕಾಲು ತಟ್ಟಿ, ಇಡೀ ಪಡಸಾಲೆಗೆ ಕೇಳುವ ಹಾಗೆ, "ಹ್ವಾಯ್, ನಿಮ್ ಹೆಸ್ರ್ ಎಂತ?" ಎಂದಳು. ಹೇಳಿದೆ. ಆಚೆಯವನನ್ನು ಕೇಳಿದಳು, ಈಚೆಯವಳನ್ನು ಕೇಳಿದಳು. ಆಮೇಲೆ ನರ್ಸು ಕೂಗಿದಾಗಲೆಲ್ಲ ಇವಳೇ ಎದ್ದು ಹೋಗಿ ಆ ಹೆಸರಿನವರ ಭುಜ ಮುಟ್ಟಿ ಎಬ್ಬಿಸುತ್ತಿದ್ದಳು. ಒಬ್ಬ ಮುದುಕ ಬೆಚ್ಚಿಬಿದ್ದಾಗ, "ಹೆದ್ರ್‌ಬ್ಯಾಡಿ ಮಾರಾಯ್ರೆ, ಯಮ ಅಲ್ಲ, ಡಾಕ್ಟ್ರ್ ಕರೀತ್ರ್!" ಎಂದಳು. ಕೇಳದವರೂ ನಕ್ಕರು. ನನ್ನ ಹೆಸರು ಬಂದಾಗ ಅವಳ ಕೈ ನನ್ನ ಭುಜದ ಮೇಲೆ ಬಿತ್ತು. ಮೀನಿನ ವಾಸನೆಯ ಆ ಕೈ ಆ ಆಸ್ಪತ್ರೆಯಲ್ಲಿ ನನಗೆ ಸಿಕ್ಕ ಮೊದಲ ಸಮಾಧಾನ.

ಡಾಕ್ಟರು ಹೇಳಿದ್ದು ಇಷ್ಟೇ: ನನ್ನ ದೇಹವೇ ನನ್ನ ಕಿವಿಯ ಒಳಭಾಗವನ್ನು ಶತ್ರುವೆಂದು ತಿಳಿದು ಕಡಿಯುತ್ತಿದೆ. ಯಾಕೆಂದು ಯಾರಿಗೂ ಗೊತ್ತಿಲ್ಲ. ಎಡಗಿವಿ ಹೋಗಿದೆ, ಬಲಗಿವಿಯೂ ಸ್ವಲ್ಪ ಮಂದವಾಗಿದೆ, ಅದನ್ನು ಉಳಿಸಲು ನೋಡೋಣ. ಗುಳಿಗೆ ಕೊಟ್ಟರು. ಕಿವಿಯ ತಮಟೆಯ ಮೂಲಕ ಒಳಗೆ ಸೂಜಿಮದ್ದು ಹಾಕಿದರು. ಹಾಕಿದಾಗ ಕೋಣೆ ತಿರುಗಿತು. ಗುಳಿಗೆಯಿಂದ ನನ್ನ ಮುಖ ಊದಿ ಬೇರೆ ಯಾರದೋ ಮುಖವಾಯಿತು. ನಿದ್ದೆ ಹಾರಿತು, ಸಿಟ್ಟು ಮೂಗಿನ ತುದಿಗೆ ಬಂತು. ಅಬ್ಬಿ ಒಂದು ದಿನ ನನ್ನನ್ನು ದಿಟ್ಟಿಸಿ ನೋಡಿ ಜಲಜಳ ಹತ್ತಿರ, "ನನ್ ಮಗ ಎಲ್ಲಿಗ್ ಹೋದ?" ಎಂದಳು. ನನ್ನ ಬಲಗಿವಿಗೆ ಅದು ಸ್ಪಷ್ಟವಾಗಿ ಕೇಳಿಸಿತು. ಆಗ ಕೇಳಿಸುತ್ತಿತ್ತಲ್ಲ.

ಬಲಗಿವಿ ಒಮ್ಮೆಲೇ ಹೋಗಲಿಲ್ಲ. ಬೆಲ್ಲದ ಅಚ್ಚನ್ನು ಇರುವೆ ತಿನ್ನುವಂತೆ ಅಂಚಿನಿಂದ ಕರಗಿತು. ಮೊದಲು ಹೋದದ್ದು ಸಣ್ಣ ದನಿಗಳು, ಕುಕ್ಕರಿನ ಸೀಟಿ, ಹಕ್ಕಿಗಳು, ಫೋನಿನ ಗಂಟೆ. ನಾನು ಯಾರಿಗೂ ಹೇಳಲಿಲ್ಲ. ಮೈಕ್ ಸೆಟ್ಟಿನವನಿಗೆ ಕಿವಿ ಕೇಳುವುದಿಲ್ಲ ಎಂದು ಊರಲ್ಲಿ ಹೇಗೆ ಹೇಳುವುದು? ಜನರ ತುಟಿ ನೋಡಿ ತಲೆಯಾಡಿಸಲು ಕಲಿತೆ, ಅವರು ನಕ್ಕಾಗ ನಕ್ಕೆ.

ಬ್ರಹ್ಮಾವರದ ಒಂದು ಹಾಲ್. ಮದುವೆಯ ಮಧ್ಯಾಹ್ನ. ಶೀನ ಊಟಕ್ಕೆ ಹೋಗಿದ್ದ, ದನಿ ಏರಿಳಿಸುವ ಮಿಕ್ಸರಿನ ಮುಂದೆ ನಾನೊಬ್ಬನೇ. ಹುಡುಗಿಯ ಕಡೆಯ ಹಿರಿಯರೊಬ್ಬರು ಹರಸಿ ಮಾತಾಡಲು ಮೈಕ್ ಹಿಡಿದು ಸ್ಪೀಕರಿನ ಎದುರಿಗೇ ಬಂದು ನಿಂತರು. ಹಾಗೆ ಮಾಡಿದರೆ ಮೈಕ್ ಕೂಗುತ್ತದೆ, ಕಿವಿ ಸೀಳುವ ಹಾಗೆ. ಈ ಕಸುಬಿಗೆ ಹೊಸದಾಗಿ ಬಂದವನಿಗೂ ಅದು ಗೊತ್ತು. ನನಗೆ ಕಂಡದ್ದು ಕೈಗಳು. ಹಾಲಿನಲ್ಲಿದ್ದ ಅಷ್ಟೂ ಜನರ ಕೈಗಳು ಒಟ್ಟಿಗೇ ಎದ್ದು ಕಿವಿ ಮುಚ್ಚಿಕೊಂಡವು. ಮದುಮಗಳು ಬಾಸಿಂಗ ಸರಿಯುವಂತೆ ತಲೆ ತಗ್ಗಿಸಿದಳು. ಮಗುವೊಂದು ಬಾಯಿ ಅಗಲಿಸಿ ಅಳುತ್ತಿತ್ತು. ನಾನು ಏನೋ ತಮಾಷೆ ನಡೆದಿದೆ ಎಂದುಕೊಂಡು ಮುಗುಳ್ನಗುತ್ತ ನಿಂತಿದ್ದೆ. ಆಮೇಲೆ ಎಲ್ಲರ ಮುಖವೂ ನನ್ನ ಕಡೆ ತಿರುಗಿತು. ಶೀನ ಅನ್ನದ ಕೈಯಲ್ಲೇ ಓಡಿ ಬಂದು ನನ್ನ ಮೈಮೇಲಿಂದ ಬಾಗಿ ದನಿ ಇಳಿಸಿದ.

ಟೆಂಪೋದಲ್ಲಿ ಹಿಂತಿರುಗುವಾಗ ಅವನು ಗಾಡಿ ಬದಿಗೆ ನಿಲ್ಲಿಸಿ, ನನ್ನ ಕಡೆ ಪೂರ್ತಿ ತಿರುಗಿ, ಬಾಯಿ ಬಿಡಿಸಿ ಬಿಡಿಸಿ ಹೇಳಿದ: "ಸದು, ಇನ್ ನೀ ಬಪ್ದ್ ಬ್ಯಾಡ. ನಾ ಕಾಂತೆ." ಕೆಲಸವನ್ನೆಲ್ಲ ತಾನೇ ನೋಡಿಕೊಳ್ಳುತ್ತೇನೆ ಎನ್ನುವಾಗ ಅವನ ಕಣ್ಣು ತುಂಬಿತ್ತು. ನಾನು ಸಿಟ್ಟಿನಿಂದ ಆಚೆ ನೋಡಿದೆ. ಅದು ನಾನು ಹೋದ ಕೊನೆಯ ಕಾರ್ಯಕ್ರಮ. ಮಳೆ ಬೀಳುವುದರೊಳಗೆ ಬಲಗಿವಿಯೂ ಮುಗಿಯಿತು.

ಕಿವುಡರ ಲೋಕ ನಿಶ್ಶಬ್ದ ಎಂದು ಹೊರಗಿನವರು ತಿಳಿದಿರುತ್ತಾರೆ. ನನ್ನದು ಹಾಗಿರಲಿಲ್ಲ. ತಲೆಯೊಳಗೆ ಒಂದು ಬೋಟು ಇಡೀ ದಿನ ಎಂಜಿನ್ ಆರಿಸದೆ ನಿಂತಿತ್ತು. ನಡುನಡುವೆ ಕಬ್ಬಿಣ ಉಜ್ಜಿದ ಶಬ್ದ. ಹೊರಗಿನಿಂದ ಒಂದು ಅಕ್ಷರವೂ ಬರದು, ಒಳಗಿನದು ಒಂದು ಗಳಿಗೆಯೂ ನಿಲ್ಲದು.

ಮನೆಯಲ್ಲಿ ಮಾತಾಡಲು ಜಲಜ ಫೋನಿನಲ್ಲಿ ಒಂದು ದಾರಿ ಕಂಡುಕೊಂಡಳು. ಮಾತಾಡಿದರೆ ಅದು ಕನ್ನಡದಲ್ಲಿ ಬರೆದು ತೋರಿಸುತ್ತದೆ. ಆದರೆ ಅದಕ್ಕೆ ಗೊತ್ತಿದ್ದದ್ದು ಪುಸ್ತಕದ ಕನ್ನಡ. ಅವಳು ಮೊದಲ ದಿನ "ಉಂಬ್ಕ್ ಬನ್ನಿ" ಎಂದದ್ದಕ್ಕೆ ಅದು "ಒಂದಕ್ಕೆ ಬನ್ನಿ" ಎಂದು ಬರೆಯಿತು. "ಎಂತ ಮಾಡ್ತ್ರಿ" ಎಂದರೆ "ಎಂಟು ಮಾತ್ರೆ" ಎಂದು ಬಂತು. ಇಬ್ಬರೂ ನಕ್ಕೆವು. ಆಮೇಲೆ ನಗು ಬರಲಿಲ್ಲ. ಜಲಜ ರೇಡಿಯೋ ವಾರ್ತೆಯವರ ಹಾಗೆ ಮಾತಾಡಲು ಕಲಿತಳು. ಫೋನನ್ನು ಬಾಯಿಯ ಹತ್ತಿರ ಹಿಡಿದು, ತಡೆದು ತಡೆದು ಏನೋ ಹೇಳಿ ನನ್ನ ಕಡೆ ತಿರುಗಿಸುತ್ತಿದ್ದಳು: "ಊಟಕ್ಕೆ ಬನ್ನಿರಿ." "ಶೀನ ಅವರು ಬಂದಿದ್ದಾರೆ." ಮದುವೆಯಾಗಿ ಅಷ್ಟು ವರ್ಷ ನನ್ನ ಜೊತೆ ಜಗಳವಾಡಿದ, ನಗಾಡಿದ ಹೆಂಗಸು ಪರದೆಯ ಮೇಲೆ ಯಾರೋ ಅಧಿಕಾರಿಯ ಹಾಗೆ ಕಾಣುತ್ತಿದ್ದಳು. ಅಬ್ಬಿಗೆ ಅದೂ ಬರಲಿಲ್ಲ. ಅವಳು ಫೋನಿಗೆ ತನ್ನ ಭಾಷೆಯಲ್ಲೇ ಮಾತಾಡಿ, ಅದು ಬರೆದ ತಪ್ಪನ್ನು ನಾನು ಓದಿ ಪೆಚ್ಚಾಗಿ ಕೂತರೆ, ಫೋನನ್ನು ಜಲಜಳ ಮಡಿಲಿಗೆ ಎಸೆದು ಬಿಡುತ್ತಿದ್ದಳು. ನಂತರ ನನ್ನ ಬೆನ್ನ ಮೇಲೆ ಕೈಯಿಟ್ಟು ಕೂರುತ್ತಿದ್ದಳು. ಕಿವಿ ಹೋದದ್ದರಲ್ಲಿ ನನಗೆ ಅತ್ಯಂತ ದೊಡ್ಡ ನಷ್ಟ ಯಾವುದೆಂದು ಕೇಳಿದರೆ ಇದನ್ನೇ ಹೇಳುತ್ತೇನೆ. ಕನ್ನಡವನ್ನು ಕಣ್ಣಿನಿಂದ ಓದಬಹುದಿತ್ತು. ನಮ್ಮ ಮನೆಯ ಕನ್ನಡ ಮಾತ್ರ ಕಿವಿಯ ಹೊರತು ಬೇರೆಲ್ಲೂ ಇರಲಿಲ್ಲ.

ಮಾಡಲು ಬೇರೇನೂ ಇಲ್ಲದೆ ಆ ಮಳೆಗಾಲ ನಾನು ಕೆಪ್ಪನ ಬಗ್ಗೆ ಓದಿದೆ. ಅಷ್ಟು ವರ್ಷ ಅವನ ಸಂಗೀತ ಕೇಳಿದ್ದರೂ ಅವನು ಯಾರೆಂದು ಕೇಳಿರಲಿಲ್ಲ. ಮೂವತ್ತು ತುಂಬುವ ಮೊದಲೇ ಅವನ ಕಿವಿಯಲ್ಲಿ ಮೊರೆತ ಶುರುವಾಗಿತ್ತಂತೆ. ಡಾಕ್ಟರು ಬಾದಾಮಿ ಎಣ್ಣೆ ಬಿಡಿಸಿದರು, ತಣ್ಣೀರಲ್ಲಿ ಕೂರಿಸಿದರು, ತೋಳಿಗೆ ಯಾವುದೋ ಮರದ ತೊಗಟೆ ಕಟ್ಟಿ ಗುಳ್ಳೆ ಏಳಿಸಿದರು. ನನ್ನ ಅಬ್ಬಿಯ ಬೆಳ್ಳುಳ್ಳಿ ಎಣ್ಣೆ ನೆನಪಾಯಿತು. ಅವನು ಜನರ ನಡುವೆ ಹೋಗುವುದನ್ನೇ ಬಿಟ್ಟ, ಏಕೆಂದರೆ ಸಂಗೀತಗಾರನಾದವನು ತನಗೆ ಕಿವಿ ಕೇಳುವುದಿಲ್ಲ ಎಂದು ಹೇಗೆ ಹೇಳಿಯಾನು. ಇದನ್ನು ಓದಿದಾಗ ನಾನು ಫೋನನ್ನು ಕೆಳಗಿಟ್ಟೆ. ಯಾವುದೋ ದೇಶದ, ಇನ್ನೂರು ವರ್ಷ ಹಿಂದಿನ ಮನುಷ್ಯ ನನ್ನ ಅಂಗಡಿಯ ಬಾಗಿಲಲ್ಲಿ ನಿಂತ ಹಾಗಾಯಿತು. ಒಂದು ಹಳ್ಳಿಯಲ್ಲಿ ಕೂತು ತಮ್ಮಂದಿರಿಗೆ ಬರೆದ ಪತ್ರದಲ್ಲಿ, ಬದುಕು ಮುಗಿಸಬೇಕೆಂದಿದ್ದೆ, ಮಾಡಬೇಕಾದ ಸಂಗೀತ ಇನ್ನೂ ಒಳಗಿದೆಯೆಂದು ಉಳಿದೆ ಎನ್ನುವ ಅರ್ಥದ ಮಾತು ಬರೆದಿದ್ದಾನೆ.

ನನ್ನೊಳಗೆ ಅಂಥದ್ದೇನೂ ಇರಲಿಲ್ಲ. ಅದೇ ನನ್ನ ಕಷ್ಟವಾಗಿತ್ತು. ಅವನನ್ನು ಹಿಡಿದು ನಿಲ್ಲಿಸಿದ್ದು ಅವನ ಸಂಗೀತ. ನಾನು ಬೇರೆಯವರ ದನಿಯನ್ನು ದೊಡ್ಡದು ಮಾಡುತ್ತಿದ್ದವನು.

ಒಂದು ಬೆಳಿಗ್ಗೆ ಬೈಂದೂರಿಗೆ ಹೋಗುತ್ತೇನೆಂದು ಬಸ್ಸು ಹತ್ತಿ ಮರವಂತೆಯಲ್ಲಿ ಇಳಿದೆ. ಮಳೆಗಾಲದ ಕಡಲು. ತೆಂಗಿನ ಮರದೆತ್ತರ ಎದ್ದು ಕಲ್ಲುಗಳ ಮೇಲೆ ಬೀಳುತ್ತಿತ್ತು, ಆದರೆ ಶಬ್ದವೇ ಇಲ್ಲ. ಅಷ್ಟು ದೊಡ್ಡ ನೀರು ಶಬ್ದವಿಲ್ಲದೆ ಬೀಳುವುದನ್ನು ನೋಡುತ್ತಿದ್ದರೆ ಅದರೊಳಗೆ ಹೋಗುವುದು ಏನೂ ದೊಡ್ಡ ಸಂಗತಿಯಲ್ಲ ಎನ್ನಿಸಿತು. ಎಷ್ಟು ಹೊತ್ತು ನಿಂತೆನೋ. ಕಲ್ಲುಗಳ ಕಡೆ ಹೋಗಲು ರಸ್ತೆ ದಾಟಬೇಕಿತ್ತು. ಕಾಲಿಟ್ಟೆ. ಯಾರೋ ಅಂಗಿ ಹಿಡಿದು ಹಿಂದಕ್ಕೆ ಎಳೆದರು. ಮೂಗಿನ ಮುಂದೆಯೇ ಬಸ್ಸೊಂದು ಹಾದು ಹೋಯಿತು. ನಾನು ಎಳೆದವನ ತೋಳನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದುಕೊಂಡಿದ್ದೆ. ಎಳನೀರು ಮಾರುವ ಆ ಮನುಷ್ಯ ನನ್ನ ಮುಖಕ್ಕೆ ಮುಖ ಕೊಟ್ಟು ಬೈಯುತ್ತಿದ್ದ. ನಾನು ಕಿವಿ ತೋರಿಸಿ ಕೈಯಾಡಿಸಿದೆ. ಅವನ ಬಾಯಿ ಅರ್ಧದಲ್ಲೇ ನಿಂತಿತು. ಒಂದು ಎಳನೀರು ಕೆತ್ತಿ ನನ್ನ ಕೈಗಿಟ್ಟು, ತಾನೇ ನಿಂತು ತೆಕ್ಕಟ್ಟೆ ಕಡೆಯ ಬಸ್ಸಿಗೆ ಕೈ ತೋರಿ ಹತ್ತಿಸಿದ. ಸಾಯಲು ಹೊರಟಿದ್ದವನು ಬಸ್ಸಿಗೆ ಹೆದರಿದೆನಲ್ಲ ಎಂದು ದಾರಿಯಿಡೀ ಯೋಚಿಸಿದೆ. ಮನೆಗೆ ಬಂದು ಜಲಜಳಿಗೆ ಎಲ್ಲವನ್ನೂ ಹೇಳಿದೆ. ಹೇಳುವಾಗ ನನ್ನ ದನಿ ಗಟ್ಟಿಯಿತ್ತೋ ಮೆಲ್ಲಗಿತ್ತೋ ನನಗೆ ತಿಳಿಯದು. ಅವಳು ಫೋನು ಹುಡುಕಲಿಲ್ಲ. ಆ ದಿನದಿಂದ ನಾನು ಎಲ್ಲಿಗೆ ಹೊರಟರೂ ಚಪ್ಪಲಿ ಹಾಕಿಕೊಂಡು ಜೊತೆಗೆ ಬಂದಳು.

ಚೌತಿ ಕಳೆದ ಮೇಲೆ ಅಬ್ಬಿ ಮಲಗಿದಳು. ಜ್ವರ ಎದೆಗೆ ಇಳಿಯಿತು. ವಯಸ್ಸಾಗಿತ್ತು, ಆಸ್ಪತ್ರೆಯವರು ಮನೆಗೆ ಕರೆದುಕೊಂಡು ಹೋಗಿ ಎಂದರು. ನಾನು ಅವಳ ತಲೆಯ ಹತ್ತಿರ ಕೂತಿದ್ದೆ. ಹೊರಗೆ ಬಿಸಿಲಿತ್ತು. ಇದ್ದಕ್ಕಿದ್ದಂತೆ ಅವಳು ಕಣ್ಣು ಬಿಟ್ಟು, ನನ್ನನ್ನೇ ನೋಡಿ, ಏನನ್ನೋ ಹೇಳತೊಡಗಿದಳು. ಎರಡೆರಡು ಸಲ ಹೇಳಿದಳು, ಹುಬ್ಬು ಗಂಟಿಕ್ಕಿ, ಕೈಯೆತ್ತಿ ಶೆಡ್ಡಿನ ಕಡೆ ತೋರಿಸುತ್ತ. ನನಗೆ ತುಟಿ ಓದಲಾಗಲಿಲ್ಲ. ಹಲ್ಲಿಲ್ಲದ ಬಾಯಿ ಅದು. ಜಲಜ ಓಡಿ ಬಂದು ಫೋನನ್ನು ಅವಳ ಬಾಯಿಯ ಹತ್ತಿರ ಹಿಡಿದಳು. ಪರದೆಯ ಮೇಲೆ ಬಂದದ್ದು: "ಮಗ ಹಾಫ್ ಮಾಡು ಕಂಡ ಪಟ್ಟಿ." ನಾನು ಅದನ್ನು ಓದಿದೆ, ಅಬ್ಬಿಯ ಮುಖ ನೋಡಿದೆ, ಮತ್ತೆ ಓದಿದೆ. ಅವಳು ನನ್ನ ಉತ್ತರಕ್ಕೆ ಕಾಯುತ್ತಿದ್ದಳು. "ಹೂಂ ಅಬ್ಬಿ," ಎಂದೆ. ಅವಳ ಹುಬ್ಬು ಸಡಿಲವಾಯಿತು. ಬಿಸಿಲು ಇಳಿಯುವ ಮೊದಲೇ ಹೋದಳು.

ಹದಿಮೂರರ ಊಟ ಮುಗಿದ ಮೇಲೆ ಜಲಜಳನ್ನು ಕೇಳಿದೆ, ಅಬ್ಬಿ ಹೇಳಿದ್ದೇನು ಎಂದು. ಅವಳು ಹೇಳಲು ಇಷ್ಟಪಡಲಿಲ್ಲ. ಒತ್ತಾಯಿಸಿದಾಗ ಪೆನ್ನು ತೆಗೆದುಕೊಂಡು ಪೇಪರಿನ ಅಂಚಿನಲ್ಲಿ ಅಬ್ಬಿಯ ಮಾತನ್ನು ಅವಳು ಆಡಿದ ಹಾಗೆಯೇ ಬರೆದಳು: "ಮಗಾ, ಆಫ್ ಮಾಡ್ ಅದ್ನ. ಕಂಡಾಪಟ್ಟಿ ಶಬ್ದ."

ಅಬ್ಬಿ ಹಾಗೆಂದ ದಿನ ಶೆಡ್ಡಿಗೆ ಬೀಗ ಹಾಕಿತ್ತು. ಮನೆಯಲ್ಲಿ ಫ್ಯಾನು ಕೂಡ ತಿರುಗುತ್ತಿರಲಿಲ್ಲ ಎಂದು ಜಲಜ ಕೆಳಗೆ ಬರೆದಳು. ಅಬ್ಬಿಯ ತಲೆಯೊಳಗೆ ಯಾವ ಶಬ್ದ ಏಳುತ್ತಿತ್ತೋ. ನನ್ನ ತಲೆಯೊಳಗೆ ಬೋಟು ಓಡುತ್ತಲೇ ಇತ್ತು. ಆರಿಸುತ್ತೇನೆಂದು ಅವಳಿಗೆ ಹೂಂ ಎಂದಿದ್ದೆ. ನನ್ನದನ್ನೇ ಆರಿಸಲು ನನಗೆ ಗೊತ್ತಿರಲಿಲ್ಲ.

ಆಮೇಲೆ ತಲೆಬುರುಡೆಯಲ್ಲಿ ಯಂತ್ರ ಕೂರಿಸುವ ಮಾತು ಬಂತು. ಒಳಗೊಂದು ತಂತಿ, ಕಿವಿಯ ಹಿಂದೆ ಅಯಸ್ಕಾಂತದಿಂದ ಅಂಟಿಕೊಳ್ಳುವ ಒಂದು ಬಿಲ್ಲೆ. ಮಾತು ಅರ್ಥವಾಗುವ ಸಾಧ್ಯತೆ ಇದೆ ಎಂದು ಡಾಕ್ಟರು ಬರೆದು ತೋರಿಸಿದರು. "ಸಂಗೀತ?" ಎಂದು ಕೇಳಿದೆ. ಅವರು "ಅದರ ಆಸೆ ಇಟ್ಟುಕೊಳ್ಳಬೇಡಿ" ಎಂದು ಬರೆದರು. ಆ ಪ್ರಾಮಾಣಿಕತೆಗೆ ನಾನು ಇಂದಿಗೂ ಋಣಿ.

ಅರ್ಧ ತಲೆ ಬೋಳಿಸಿ ಕೊಯ್ದರು. ಗಾಯ ಮಾಗಿದ ಮೇಲೆ ಯಂತ್ರ ಚಾಲೂ ಮಾಡಲು ಕರೆದರು. ಪುಟ್ಟ ಕೋಣೆ, ಕಂಪ್ಯೂಟರಿನ ಮುಂದೆ ಕೂತ ಒಬ್ಬಳು ಹುಡುಗಿ, ನನ್ನ ಎದುರಿಗೆ ಜಲಜ. ಕೆಲವು ಟಿಕ್ ಟಿಕ್‌ಗಳು ಬಂದವು. ಆಮೇಲೆ ಹುಡುಗಿ ಜಲಜಳಿಗೆ ಮಾತಾಡುವಂತೆ ಸನ್ನೆ ಮಾಡಿದಳು. ಜಲಜಳ ತುಟಿ ಅಲುಗಿತು. ನನಗೆ ಕೇಳಿದ್ದು ತಗಡಿನ ಡಬ್ಬಿಯೊಳಗೆ ಸಿಕ್ಕ ಕಪ್ಪೆಯ ಶಬ್ದ. ಅದು ನನ್ನ ಹೆಂಡತಿಯ ದನಿ ಎಂದು ನನಗೆ ನಂಬಲಾಗಲಿಲ್ಲ. ಟಿವಿಯಲ್ಲಿ ಇಂಥ ಗಳಿಗೆಗಳಲ್ಲಿ ಜನ ಸಂತೋಷದಿಂದ ಅಳುತ್ತಾರೆ. ನಾನು ಅತ್ತದ್ದು ಬೇರೆ ಕಾರಣಕ್ಕೆ. ಜಲಜ ಮಾತ್ರ ಸಂತೋಷವೆಂದೇ ತಿಳಿದು ತಾನೂ ಅತ್ತಳು.

ತಿಂಗಳುಗಟ್ಟಲೆ ಅಭ್ಯಾಸ. ಆಸ್ಪತ್ರೆಯವರು ಕೊಟ್ಟ ಪದಗಳನ್ನು ಜಲಜ ಬಾಯಿಗೆ ಸೆರಗು ಅಡ್ಡ ಹಿಡಿದು ಓದುತ್ತಿದ್ದಳು, ನಾನು ತುಟಿ ನೋಡಬಾರದೆಂದು. ಮರ, ಮನೆ, ಮಳೆ. ಎಲ್ಲವೂ ಒಂದೇ ತರಹ. ನಿಧಾನಕ್ಕೆ ಮಳೆ ಮರದಿಂದ ಬೇರೆಯಾಯಿತು. ಎದುರಿಗೆ ಕೂತು ಒಬ್ಬರೇ ಮಾತಾಡಿದರೆ, ಪುಸ್ತಕದ ಕನ್ನಡದಲ್ಲಿ ಬಿಡಿಸಿ ಹೇಳಿದರೆ, ಅರ್ಥವಾಗತೊಡಗಿತು. ಅಂಗಡಿಯನ್ನು ಶೀನನೇ ನಡೆಸಲಿ ಎಂದು ಬಿಟ್ಟುಕೊಟ್ಟಿದ್ದೆ. ಪೆಟ್ಟಿಗೆಗಳು ಅವನ ಮನೆಗೆ ಹೋದವು. ಶೆಡ್ಡಿನಲ್ಲಿ ಒಂದು ಹಳೆಯ ಜೋಡಿ ಮಾತ್ರ ಉಳಿಯಿತು.

ಸಿಂಫನಿಯನ್ನು ನಾನು ಹಾಕಿರಲಿಲ್ಲ. ಹೆದರಿಕೆ ಇತ್ತು. ಕಿವಿ ಹೋದ ಮೇಲೂ ಅದು ನನ್ನ ನೆನಪಿನಲ್ಲಿ ಪೂರ್ತಿ ಇತ್ತು. ಮಲಗಿ ಕಣ್ಣು ಮುಚ್ಚಿದರೆ ಮೊದಲಿನಿಂದ ಕೊನೆಯವರೆಗೆ ನುಡಿಸಿಕೊಳ್ಳಬಲ್ಲವನಾಗಿದ್ದೆ. ಬೋಟಿನ ಮೊರೆತವನ್ನು ಸ್ವಲ್ಪವಾದರೂ ಮುಚ್ಚುತ್ತಿದ್ದದ್ದು ಅದೊಂದೇ. ಯಂತ್ರದ ಶಬ್ದ ಒಳಗೆ ಹೋಗಿ ಅದನ್ನೂ ಕೆಡಿಸಿದರೆ? ಅದನ್ನು ಬರೆದವನು ಅದನ್ನು ಒಮ್ಮೆಯೂ ಕಿವಿಯಿಂದ ಕೇಳಲಿಲ್ಲ. ಮೊದಲ ಸಲ ನುಡಿಸಿದ ದಿನ ಅವನು ವೇದಿಕೆಯ ಮೇಲೆಯೇ ನಿಂತು ಪುಟ ಮಗುಚುತ್ತ ಕೈಯಾಡಿಸುತ್ತಿದ್ದನಂತೆ. ನಿಜವಾಗಿ ನಡೆಸುತ್ತಿದ್ದವನು ಬೇರೆಯವನು, ವಾದ್ಯದವರಿಗೆಲ್ಲ ಇವನನ್ನು ನೋಡಬೇಡಿ ಎಂದು ಮೊದಲೇ ಹೇಳಿಟ್ಟಿದ್ದನಂತೆ. ಮುಗಿದು ಜನ ಎದ್ದು ಚಪ್ಪಾಳೆ ತಟ್ಟುತ್ತಿದ್ದರೂ ಅವನು ಬೆನ್ನು ಹಾಕಿಯೇ ನಿಂತಿದ್ದ. ಹಾಡುವವಳೊಬ್ಬಳು ಅವನನ್ನು ಹಿಡಿದು ಜನರ ಕಡೆ ತಿರುಗಿಸಿದಳಂತೆ. ಈ ಕಥೆ ಹೇಳುವವರೆಲ್ಲ ಅದನ್ನು ಗೆಲುವಿನ ಕಥೆಯೆಂದು ಹೇಳುತ್ತಾರೆ. ನನಗೆ ಬ್ರಹ್ಮಾವರದ ಹಾಲ್ ಕಾಣುತ್ತದೆ. ಅವನು ತಿರುಗಿದಾಗ ಅವನಿಗೂ ಕಂಡದ್ದು ಕೈಗಳು. ಅವು ಕಿವಿ ಮುಚ್ಚಿದ ಕೈಗಳಾಗಿರಲಿಲ್ಲ, ಅಷ್ಟೇ ವ್ಯತ್ಯಾಸ. ಶಬ್ದ ಅವನಿಗೂ ಇರಲಿಲ್ಲ. ಅವನು ಕೇಳದ್ದನ್ನು ತೆಕ್ಕಟ್ಟೆಯ ಒಂದು ಶೆಡ್ಡಿನಲ್ಲಿ ನಾನು ಎಷ್ಟು ಸಲ ಕೇಳಿದ್ದೆನೋ ಲೆಕ್ಕವಿಲ್ಲ. ಈ ಯೋಚನೆಯಿಂದ ನನಗೆ ಸಮಾಧಾನವಾಗಬೇಕಿತ್ತು. ನಾಚಿಕೆಯಾಯಿತು, ಯಾಕೆಂದು ಇನ್ನೂ ತಿಳಿದಿಲ್ಲ.

ಕಳೆದ ಮಾಗಿಯಲ್ಲಿ ಒಂದು ದಿನ, ಜಲಜ ಹಿತ್ತಲಲ್ಲಿ ಮೀನು ಸೋಸುತ್ತಿದ್ದ ಹೊತ್ತು, ಶೆಡ್ಡಿಗೆ ಹೋಗಿ ಆ ಹಳೆಯ ಜೋಡಿಗೆ ಸಿಂಫನಿ ಹಾಕಿದೆ. ಸೀದಾ ಕೊನೆಯ ಭಾಗ. ದಪ್ಪ ತಂತಿಗಳು ಮಾತಾಡಲು ನೋಡುವ ಜಾಗಕ್ಕೆ ಕಾದೆ. ಬಂದದ್ದು ಕಲ್ಲು ಹೇರಿದ ಲಾರಿ ಹಿಮ್ಮುಖವಾಗಿ ಬರುವ ಶಬ್ದ. ಹಾಡುವವರು ಬಂದಾಗ ಪಾತ್ರೆಗಳನ್ನು ಮೆಟ್ಟಿಲಿನಿಂದ ಉರುಳಿಸಿದ ಹಾಗಾಯಿತು. ಹಲ್ಲು ಕಚ್ಚಿಕೊಂಡು ಕೊನೆಯವರೆಗೂ ಕೂತೆ. ಒಂದು ಎಳೆಯಾದರೂ ಗುರುತು ಸಿಗುತ್ತದೋ ಎಂದು ಕಾದೆ. ಸಿಗಲಿಲ್ಲ. ಎದ್ದು ಸ್ವಿಚ್ಚು ಆರಿಸಿದೆ. ಇನ್ನು ಇದನ್ನು ಹಾಕುವುದಿಲ್ಲ ಎಂದು ಆಗಲೇ ನಿಶ್ಚಯಿಸಿದೆ, ಹಾಕಿಲ್ಲ. ಗೋಡೆಯ ಬದಿಗೆ ಬಂದು ಕೂತೆ.

ಹಿಂದಿನ ಗೋಡೆಯ ಆಚೆ ತಗಡಿನ ಕಪ್ಪೆಯ ದನಿ. ಜಲಜ ಫೋನಿನಲ್ಲಿ ತನ್ನ ಅಕ್ಕನ ಹತ್ತಿರ ಮಾತಾಡುತ್ತಿದ್ದಳು. ನಾನು ಕಿವಿಗೊಟ್ಟಿರಲಿಲ್ಲ. ಗೋಡೆಯ ಆಚೆಯದು ನನಗೆ ಅರ್ಥವಾಗುತ್ತದೆ ಎಂಬ ಆಸೆಯನ್ನು ಎಂದೋ ಬಿಟ್ಟಿದ್ದೆ. ಆದರೆ ಆ ಕರಕರ ಶಬ್ದ ಇದ್ದಕ್ಕಿದ್ದಂತೆ ಒಡೆದು ಮಾತಾಯಿತು. ಯಾರಿಗೂ ಬಿಡಿಸಿ ಹೇಳದ, ಯಾವ ಯಂತ್ರಕ್ಕಾಗಿಯೂ ತಿದ್ದದ, ನಮ್ಮ ಮಾತು.

"ಇಲ್ಲೆ ಅಕ್ಕ, ಅವ್ರ್ ಇನ್ ಮೊದ್ಲಿನಾಂಗ್ ಆತ್ರಿಲ್ಲೆ," ಎನ್ನುತ್ತಿದ್ದಳು ಜಲಜ. "ನಂಗ್ ಗೊತ್ತಾಯ್ತ್. ಅವ್ರಿಗ್ ಹೇಳೂಕ್ ಹೋಯ್ಲಿಲ್ಲೆ, ಅಷ್ಟೇ. ಎಂತ ಮಾಡುದ್. ಇವತ್ತ್ ಬಂಗ್ಡಿ ಮೀನ್ ಲಾಯ್ಕ್ ಸಿಕ್ಕಿತ್ ಕಾಣ್."

ಎರಡು ವರ್ಷದಿಂದ ನನಗೆ ಬಂದ ಮಾತುಗಳೆಲ್ಲ ನನಗಾಗಿ ಆಡಿದ ಮಾತುಗಳೇ ಆಗಿದ್ದವು, ಎದುರಿಗೆ ನಿಂತು, ಬರೆದು, ಬಿಡಿಸಿ ಕೊಟ್ಟವು. ನನಗಲ್ಲದ ಮಾತೊಂದು ತಾನಾಗಿಯೇ ನನ್ನ ಕಿವಿಗೆ ಬಿದ್ದದ್ದು ಅದೇ ಮೊದಲು. ನಾನು ಇನ್ನು ಮೊದಲಿನಂತಾಗುವುದಿಲ್ಲ ಎಂದು ಅವಳು ಹೇಳಿದ್ದು ನಿಜವೂ ಆಗಿತ್ತು. ನಾನು ಅಲುಗಾಡಲಿಲ್ಲ. ಉಸಿರನ್ನೂ ಮೆಲ್ಲಗೆ ಬಿಡುತ್ತ, ಅಕ್ಕನಿಗೆ ಅವಳು ಮುಂದೇನು ಹೇಳುತ್ತಾಳೆಂದು ಗೋಡೆಗೆ ತಲೆಯಾನಿಸಿ ಕೂತೆ.